ರೊಟ್ಟಿಯಲ್ಲಿ ಉಪ್ಪಿಲ್ಲ, ರೊಟ್ಟಿಯ ಪಕ್ಕದಲ್ಲಿದೆ

ಜೋಳದ ರೊಟ್ಟಿಗೆ ನಾವು ಉಪ್ಪು ಹಾಕೋದಿಲ್ಲ. ಕುದಿಯುವ ನೀರು, ಹಿಟ್ಟು, ಕೈಯ ಬಡಿತ, ಅಷ್ಟೇ. ಬಿಪಿ ಇರುವ ಹಿರಿಯರಿಗೆ ಏನು ಉಣ್ಣಲು ಕೊಡಬೇಕು ಅಂತ ಯಾರಾದರೂ ಕೇಳಿದರೆ ನಾನು ಇಲ್ಲಿಂದಲೇ ಶುರು ಮಾಡುತ್ತೇನೆ. ರೊಟ್ಟಿ ಬಿಡಿಸಬೇಡಿ. ರೊಟ್ಟಿಯ ಪಕ್ಕದಲ್ಲಿ ಏನಿದೆ ನೋಡಿ.

ನಾನು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನವಳು, ಕನ್ನಡ ಶಾಲೆಯಲ್ಲಿ ಟೀಚರ್. ನಮಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಬುದ್ಧ ವಿಹಾರದಲ್ಲಿ ಪಾಲಿ. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬ ಅಂಬೇಡ್ಕರರು ನಾಗಪುರದಲ್ಲಿ ಬೌದ್ಧ ದೀಕ್ಷೆ ತಗೊಂಡರು. ಅವರ ಹಿಂದೆ ಹೋದ ಸಾವಿರಾರು ಮನೆತನಗಳಲ್ಲಿ ನಮ್ಮದೂ ಒಂದು. ಅವ್ವನಿಗೆ ಎಪ್ಪತ್ತು ದಾಟಿದೆ. ಬಿಪಿ ಇದೆ, ದಿನಾ ಗುಳಿಗೆ ಇದೆ.

ಅವ್ವನದು ಮೇಲಿನ ಅಂಕಿ ಏರುವ ಬಿಪಿ. ಕೆಳಗಿನದು ಸರಿಯಾಗೇ ಇರುತ್ತದೆ. ವಯಸ್ಸಾದವರಲ್ಲಿ ಇದು ಬಹಳ. ರಕ್ತನಾಳಗಳು ಹಳೆಯ ರಬ್ಬರ್ ಪೈಪಿನ ಹಾಗೆ ಬಿರುಸಾಗುತ್ತವೆ, ಹೃದಯ ಒತ್ತಿದಾಗ ಹಿಗ್ಗೋದಿಲ್ಲ. ನೋವಿಲ್ಲ, ಜ್ವರ ಇಲ್ಲ. ಅದಕ್ಕೇ ಹಿರಿಯರು ಗುಳಿಗೆ ಬಿಡುತ್ತಾರೆ. "ನನಗೇನಾಗೇದ? ಉಣ್ಣಾಕತ್ತೀನಿ, ತಿರಗ್ಯಾಡಾಕತ್ತೀನಿ" ಅನ್ನುವ ಮಾತು ನಮ್ಮ ಓಣಿಯಲ್ಲಿ ಮನೆಮನೆಯಲ್ಲೂ ಕೇಳುತ್ತದೆ. ಅಂಕಿ ಕೆಳಗಿಳಿದಿರುವುದು ಗುಳಿಗೆಯಿಂದಲೇ ಅಂತ ಅವರಿಗೆ ಮತ್ತೆ ಮತ್ತೆ ಹೇಳಬೇಕು. ಬೇಸರ ಮಾಡಿಕೊಳ್ಳದೆ ಹೇಳಬೇಕು.

ಈಗ ತಟ್ಟೆಗೆ ಬರುತ್ತೇನೆ. ಸೊಲ್ಲಾಪುರದ ಕಡೆ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಇಲ್ಲದ ಊಟ ಇಲ್ಲ. ಜೊತೆಗೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಕೆಂಪು ಮೆಣಸಿನಕಾಯಿಯ ರಂಜಕ. ನಮ್ಮ ಮನೆಗಳಲ್ಲಿ ಮಳೆಗಾಲಕ್ಕೆ ಅಂತ ಡಬ್ಬಿಯಲ್ಲಿಟ್ಟ ಒಣಮೀನು, ಸುಕಟ. ಇವುಗಳಲ್ಲಿ ಹೆಚ್ಚಿನವಕ್ಕೆ ಉಪ್ಪು ಜಾಸ್ತಿಯೇ ಬೀಳುತ್ತದೆ. ಹಪ್ಪಳಕ್ಕೆ ಉಪ್ಪಿನ ಜೊತೆ ಪಾಪಡಖಾರ ಅನ್ನುವ ಕ್ಷಾರವೂ ಬೀಳುತ್ತದೆ, ಅದರಲ್ಲೂ ಸೋಡಿಯಂ ಇದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಒಳಗೆ ಉಪ್ಪು ಸಾಕು ಅನ್ನುತ್ತದೆ. ಇಡೀ ದಿನದ್ದು, ಎಲ್ಲ ಸೇರಿ, ಒಂದು ಸಣ್ಣ ಚಮಚದೊಳಗೆ. ತಟ್ಟೆಯ ಅಂಚಿನಲ್ಲಿ ಬಡಿಸಿಕೊಳ್ಳುವ ಇವುಗಳಲ್ಲೇ ಅದರ ದೊಡ್ಡ ಪಾಲು ಮುಗಿದುಹೋಗುತ್ತದೆ. ಹಳೆಯ ಕಾಲದ ಊಟ ಅಂದ ಮಾತ್ರಕ್ಕೆ ಎಲ್ಲವೂ ಬಿಪಿಗೆ ಒಳ್ಳೆಯದು ಅಂತ ನಾನು ಒಪ್ಪೋದಿಲ್ಲ.

ಆದರೆ ಬಿಪಿಗೆ ಬೇಕಾದ್ದೂ ಇದೇ ಊಟದಲ್ಲಿದೆ. ಪುಂಡಿಪಲ್ಯ ತನ್ನಷ್ಟಕ್ಕೆ ಹುಳಿ, ಉಪ್ಪು ಅರ್ಧ ಮಾಡಿದರೂ ನಾಲಿಗೆಗೆ ಗೊತ್ತಾಗೋದಿಲ್ಲ. ಮೆಂತ್ಯ, ಹಕ್ಕರಿಕೆ, ಮೂಲಂಗಿ ಸೊಪ್ಪನ್ನು ಹಸಿಯಾಗಿಯೇ ರೊಟ್ಟಿ ಜೊತೆ ತಿನ್ನುತ್ತೇವೆ, ಉಪ್ಪು ಹಚ್ಚದೆ. ಮಜ್ಜಿಗೆಗೆ ಉಪ್ಪಿನ ಬದಲು ಹುರಿದ ಜೀರಿಗೆ, ಕೊತ್ತಂಬರಿ. ಶೇಂಗಾ ಹಿಂಡಿಯನ್ನು ಪೂರ್ತಿ ಬಿಡಿಸಲು ನನಗೆ ಮನಸ್ಸು ಬರಲಿಲ್ಲ. ಅವ್ವ ಅದನ್ನು ಒಳಕಲ್ಲಿನಲ್ಲಿ ಎಣ್ಣೆ ಬಿಡುವ ತನಕ ಕುಟ್ಟುತ್ತಾಳೆ, ಮೇಲಿಂದ ಮೇಲೆ ಬೆರಳಿಗೆ ಹಚ್ಚಿ ನೋಡುತ್ತಾಳೆ. ಈಗ ಅದಕ್ಕೆ ಬಳ್ಳೊಳ್ಳಿ ಜಾಸ್ತಿ, ಜೀರಿಗೆ ಜಾಸ್ತಿ, ಉಪ್ಪು ಕಡಿಮೆ. ಉಣ್ಣುವಾಗ ಮೇಲೆ ನಿಂಬೆರಸ ಹಿಂಡುತ್ತೇವೆ, ಇಲ್ಲವೇ ಮೊಸರಿನಲ್ಲಿ ಕಲಸುತ್ತೇವೆ.

ಒಂದೇ ದಿನಕ್ಕೆ ಉಪ್ಪು ಕಿತ್ತುಕೊಂಡರೆ ಹಿರಿಯರು ಉಣ್ಣೋದನ್ನೇ ಬಿಡುತ್ತಾರೆ. "ಉಪ್ಪಿಗಿಂತ ರುಚಿ ಇಲ್ಲ, ತಾಯಿಗಿಂತ ಬಂಧು ಇಲ್ಲ, ನೀ ಎರಡಕ್ಕೂ ಕಷ್ಟ ಕೊಡ್ತಿ" ಅಂದಳು ಅವ್ವ. ಅವಳನ್ನು ಒಪ್ಪಿಸಿದ್ದು ನಾನಲ್ಲ, ಪಸೇನದಿ ರಾಜ.

ವರ್ಷಾವಾಸದಲ್ಲಿ, ಅಂದರೆ ಭಿಕ್ಷುಗಳು ಮಳೆಗಾಲಕ್ಕೆ ಒಂದೇ ಕಡೆ ನಿಲ್ಲುವ ಆಷಾಢ ಹುಣ್ಣಿಮೆಯಿಂದ ಆಶ್ವಿನ ಹುಣ್ಣಿಮೆಯವರೆಗೆ, ನಮ್ಮ ವಿಹಾರದಲ್ಲಿ ಸಂಜೆ ಓದು ಇರುತ್ತದೆ. ಅಲ್ಲಿ ಬುದ್ಧರ ಉಪದೇಶಗಳ ಗ್ರಂಥವಾದ ಸಂಯುತ್ತ ನಿಕಾಯದ ದೋಣಪಾಕ ಸುತ್ತ ಬಂತು. ಕೋಸಲದ ರಾಜ ಪಸೇನದಿ ಕೊಳಗಗಟ್ಟಲೆ ಅನ್ನ ಉಣ್ಣುತ್ತಿದ್ದ. ಒಮ್ಮೆ ಹಾಗೆ ಉಂಡು ಏದುಸಿರು ಬಿಡುತ್ತ ಬುದ್ಧರ ಹತ್ತಿರ ಬಂದ. ಬುದ್ಧರು ಬೈಯಲಿಲ್ಲ. ಒಂದೇ ಗಾಥೆ ಹೇಳಿದರು. ಎಚ್ಚರದಿಂದ ಇದ್ದು ಊಟದ ಅಳತೆ ಬಲ್ಲವನಿಗೆ ನೋವು ಕಡಿಮೆ, ಮುಪ್ಪು ನಿಧಾನ, ಆಯುಸ್ಸು ಉಳಿಯುತ್ತದೆ ಅಂತ ಅದರ ಅರ್ಥ. ರಾಜ ಅಲ್ಲೇ ನಿಂತಿದ್ದ ಸುದಸ್ಸನ ಅನ್ನುವ ಹುಡುಗನಿಗೆ ಅದನ್ನು ಬಾಯಿಪಾಠ ಮಾಡಿಸಿ, ತಾನು ಉಣ್ಣಲು ಕೂತಾಗಲೆಲ್ಲ ಹೇಳು ಅಂದ. ಅದಕ್ಕೆ ದಿನಾ ನೂರು ಕಹಾಪಣ ನಾಣ್ಯ ಕೊಟ್ಟ. ರಾಜನ ಊಟ ಕ್ರಮೇಣ ಕಡಿಮೆಯಾಗಿ ಒಂದು ನಾಳಿ ಅನ್ನುವ ಸಣ್ಣ ಅಳತೆಯ ಅನ್ನಕ್ಕೆ ಬಂದು ನಿಂತಿತು. ಮೈ ಹಗುರವಾಯಿತು.

ಈ ಕಥೆಯಲ್ಲಿ ನನಗೆ ಹಿಡಿಸಿದ್ದು ಆ "ಕ್ರಮೇಣ". ಉಪ್ಪಿಗೂ ಅದೇ ದಾರಿ. ದಿನಕ್ಕೆ ಚೂರು ಚೂರು ಕಡಿಮೆ ಮಾಡಿದರೆ ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ. ಆಮೇಲೆ ಹಳೆಯ ಅಳತೆಯ ಉಪ್ಪಿನ ಅಡುಗೆಯೇ ಉಪ್ಪುಪ್ಪು ಅನಿಸುತ್ತದೆ. ಈಗ ನನ್ನ ಮಗಳು ಪಕ್ಕದಲ್ಲಿ ಕೂತು "ಆಯಿ, ಪಸೇನದಿ" ಅಂದರೆ ಸಾಕು, ಅವ್ವ ನಕ್ಕು ಉಪ್ಪಿನಕಾಯಿ ಭರಣಿ ದೂರ ಸರಿಸುತ್ತಾಳೆ.

ಸೈಂಧವ ಲವಣದ ವಿಷಯವನ್ನೂ ಹೇಳಿಬಿಡುತ್ತೇನೆ. ಅದು ಬಿಪಿಗೆ ಏನೂ ಮಾಡೋದಿಲ್ಲ ಅಂತ ವಾಟ್ಸಾಪ್‌ನಲ್ಲಿ ಸುಮ್ನೆ ಹರಡುತ್ತಿದ್ದಾರೆ. ಅದೂ ಹೆಚ್ಚುಕಡಿಮೆ ಪೂರ್ತಿ ಸೋಡಿಯಂ ಕ್ಲೋರೈಡೇ. ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯ ಪಿಟಕದ ಮಹಾವಗ್ಗದಲ್ಲಿ ಔಷಧಿಗಳ ಒಂದು ಅಧ್ಯಾಯವೇ ಇದೆ. ಸಮುದ್ರದ ಉಪ್ಪು, ಕರಿಯುಪ್ಪು, ಸೈಂಧವ, ಎಲ್ಲ ಅಲ್ಲಿ ಔಷಧಿಗಳ ಸಾಲಿನಲ್ಲಿ ಬರುತ್ತವೆ. ಔಷಧಿ ಅಂದ ಮೇಲೆ ಅಳತೆ ಇರಲೇಬೇಕು ಅಲ್ವಾ? ಅಂಗಡಿಯಲ್ಲಿ ಸಿಗುವ "ಕಡಿಮೆ ಸೋಡಿಯಂ" ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇದ್ದವರಿಗೆ, ಕೆಲವು ಬಿಪಿ ಗುಳಿಗೆ ತಗೊಳ್ಳುವವರಿಗೆ ಅದು ಅಪಾಯ. ಡಾಕ್ಟರನ್ನು ಕೇಳದೆ ತರಬೇಡಿ.

ಇನ್ನು ಧ್ಯಾನ. ಅವ್ವ ಬೆಳಗ್ಗೆ ಆನಾಪಾನಕ್ಕೆ, ಅಂದರೆ ಉಸಿರನ್ನು ಗಮನಿಸುವ ಧ್ಯಾನಕ್ಕೆ, ಕೂಡುತ್ತಾಳೆ. ಮೊಣಕಾಲು ನೋವು, ಹಾಗಾಗಿ ಕುರ್ಚಿಯ ಮೇಲೆ. ಉಸಿರು ತಾನಾಗಿ ನಿಧಾನವಾಗುತ್ತದೆ, ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ, ಸೊಸೆಯಂದಿರ ಮೇಲಿನ ಸಿಟ್ಟೂ ಇಳಿದಿದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಹೇಳಿದ್ದೂ ಇಷ್ಟೇ: ಧ್ಯಾನದಿಂದ ಸ್ವಲ್ಪ ಸಹಾಯ ಆಗಬಹುದು, ಆದರೆ ಉಳಿದ ಚಿಕಿತ್ಸೆಯ ಜೊತೆಗೆ. ಗುಳಿಗೆಯ ಬದಲಿಗೆ ಧ್ಯಾನ ಅಂತ ಯಾರಾದರೂ ಹೇಳಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ನಕುಲಪಿತ ಅನ್ನುವ ಮುದಿ ಗೃಹಸ್ಥ ಕಾಯಿಲೆ ಬಿದ್ದ ಮೈ ಹೊತ್ತು ಬಂದಾಗ, ಮೈ ವಾಸಿಯಾಗುತ್ತದೆ ಅಂತ ಬುದ್ಧರು ಆಸೆ ತೋರಿಸಲಿಲ್ಲ. ಮೈಗೆ ಕಾಯಿಲೆ ಇದ್ದರೂ ಮನಸ್ಸಿಗೆ ಹತ್ತದ ಹಾಗೆ ನೋಡಿಕೋ ಅಂದರು. ಮೈ ನೋಡಲು ಬುದ್ಧರಿಗೂ ಜೀವಕ ಅನ್ನುವ ವೈದ್ಯ ಇದ್ದ.

ವಿಹಾರದಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ವಂದನೆಯಲ್ಲಿ ಮೂರು ಸಲ ನೆಲಕ್ಕೆ ಹಣೆ ಹಚ್ಚಿ ಏಳುತ್ತೇವೆ. ಬಿಪಿ ಗುಳಿಗೆ ತಗೊಳ್ಳುವ ಹಿರಿಯರು ಹೀಗೆ ಬಾಗಿ ಫಟ್ಟನೆ ಎದ್ದರೆ ಬಿಪಿ ಒಮ್ಮೆಲೆ ಇಳಿದು ಕಣ್ಣು ಕತ್ತಲೆ ಬರಬಹುದು. ಬಿದ್ದರೆ ಸೊಂಟದ ಮೂಳೆ ಮುರಿಯಬಹುದು. ಅವ್ವ ಈಗ ಕೂತಲ್ಲೇ ಕೈ ಮುಗಿಯುತ್ತಾಳೆ. ಯಾರೂ ತಪ್ಪು ತಿಳಿಯೋದಿಲ್ಲ. ಹುಣ್ಣಿಮೆಗೆ ಅಷ್ಟಶೀಲ, ಅಂದರೆ ಎಂಟು ನಿಯಮಗಳ ವ್ರತ, ಹಿಡಿಯುವವರು ಮಧ್ಯಾಹ್ನದ ನಂತರ ಉಣ್ಣೋದಿಲ್ಲ. ಆದರೆ ಔಷಧಿಗೆ ತಡೆ ಇಲ್ಲ, ರಾತ್ರಿಯ ಗುಳಿಗೆ ತಪ್ಪಿಸಬಾರದು. ಸಕ್ಕರೆ ಕಾಯಿಲೆಯೂ ಇದ್ದರೆ ಡಾಕ್ಟರನ್ನು ಕೇಳಿಯೇ ಹಿಡಿಯಬೇಕು. ಐದನೆಯ ಶೀಲವಾದ ಮದ್ಯ ಬಿಡುವುದು ಬಿಪಿಗೆ ನೇರ ಲಾಭ. ನಮ್ಮ ಓಣಿಯ ಗಂಡಸರಿಗೆ ನಾನು ಇದನ್ನು ಹೇಳುತ್ತಲೇ ಇರುತ್ತೇನೆ.

ಈ ವರ್ಷಾವಾಸದಲ್ಲಿ ಓದಿನ ಮೊದಲು ವಿಹಾರದಲ್ಲೇ ಬಿಪಿ ನೋಡೋಣ ಅಂತ ಮಹಿಳಾ ಮಂಡಳದವರು ಮಾತಾಡಿಕೊಂಡಿದ್ದೇವೆ. ಮಷೀನು ನಾನು ತರುತ್ತೇನೆ. ಬರುವವರು ಅರ್ಧ ಗಂಟೆ ಮೊದಲಿಂದ ಚಹಾ, ತಂಬಾಕು ಮುಟ್ಟಬೇಡಿ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೆ ಊರಿ, ಮಾತಾಡದೆ ಕೂಡಬೇಕು. ಬಿಗಿ ತೋಳಿನ ಕುಪ್ಪಸ ಬೇಡ, ಪಟ್ಟಿಯನ್ನು ಬರಿ ತೋಳಿಗೆ ಸುತ್ತಬೇಕು. ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ, ಮೊಣಕಾಲಿಗೆ ಅಂತ ಅಂಗಡಿಯಿಂದ ತಂದದ್ದನ್ನೂ. ನೋವಿನ ಗುಳಿಗೆಗಳಲ್ಲಿ ಹಲವು ಬಿಪಿ ಏರಿಸುತ್ತವೆ. ಹೆಸರು ಬರೆದುಕೊಟ್ಟರೆ ನಿಮ್ಮ ಡಾಕ್ಟರಿಗೆ ತೋರಿಸಬಹುದು.