ಇಂಡೆಕ್ಸ್ ಇದ್ದರೂ ಕ್ವೆರಿ ಯಾಕೆ ನಿಧಾನ?

ಟೀಮಿಗೆ ಹೊಸದಾಗಿ ಬಂದವರು ನನ್ನನ್ನು ತುಂಬಾ ಸಲ ಕೇಳಿದ ಪ್ರಶ್ನೆ ಇದು: "ಸರ್, ಕಾಲಂಗೆ ಇಂಡೆಕ್ಸ್ ಹಾಕಿದ್ದೀನಿ. ಆದ್ರೂ ಡೇಟಾಬೇಸ್ ಇಡೀ ಟೇಬಲ್ ಓದ್ತಿದೆ. ಯಾಕೆ?"

ಕ್ವೆರಿ ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ. ಇಂಡೆಕ್ಸ್ ಅಂದರೆ ಬೇಕಾದ ಸಾಲು ಬೇಗ ಸಿಗಲೆಂದು ಒಂದು ಕಾಲಂನಲ್ಲಿರುವುದನ್ನು ಕ್ರಮವಾಗಿ ಜೋಡಿಸಿಟ್ಟ ಪಟ್ಟಿ, ನಿಘಂಟಿನ ಹಾಗೆ. ಕನ್ನಡ ನಿಘಂಟು ತೆಗೆದು "ಮಳೆ" ಹುಡುಕಿ. ಅರ್ಧ ನಿಮಿಷ ಸಾಕು. ಈಗ ಅದೇ ನಿಘಂಟಿನಲ್ಲಿ "ಗಾರ" ಎಂದು ಕೊನೆಯಾಗುವ ಪದಗಳನ್ನೆಲ್ಲ ಹುಡುಕಿ. ಬೇಟೆಗಾರ, ಹಾಡುಗಾರ, ಸಾಲಗಾರ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಲೇಬೇಕು, ಅಲ್ವಾ? ಕ್ವೆರಿಯಲ್ಲಿ ಪದದ ತುಣುಕು ಹುಡುಕಲು ಲೈಕ್ (LIKE) ಬಳಸುವಾಗ, ಪದದ ಶುರುವಿನಲ್ಲೇ ಶೇಕಡಾ ಗುರುತು (%, ಅಂದರೆ ಇಲ್ಲಿ ಏನು ಬೇಕಾದರೂ ಇರಲಿ) ಹಾಕಿದರೆ ಆಗುವುದು ಇದೇ.

ಮಾಮೂಲಿ ಇಂಡೆಕ್ಸಿನ ಒಳಗಿರುವುದು ಬಿ-ಟ್ರೀ, ಅಂದರೆ ಹಂತ ಹಂತವಾಗಿ ಕವಲೊಡೆಯುವ ಮರದಂಥ ಜೋಡಣೆ. ಬೋಯಿಂಗ್ ಕಂಪನಿಯ ಸಂಶೋಧನಾ ಲ್ಯಾಬಿನಲ್ಲಿದ್ದ ರುಡಾಲ್ಫ್ ಬಾಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ರೂಪಿಸಿದ್ದು. ಅವರ ಪ್ರಬಂಧ ಅಚ್ಚಾಗಿದ್ದು 1972ರಲ್ಲಿ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ಒಂದು ಪೇಜ್, ಅಂದರೆ ಅದು ಒಂದು ಸಲಕ್ಕೆ ಓದುವ ತುಂಡು, ಮಾಮೂಲಾಗಿ 8 ಕೆಬಿ. ಸಂಖ್ಯೆಗಳ ಇಂಡೆಕ್ಸ್ ಆದರೆ ಒಂದು ಪೇಜಿನಲ್ಲಿ 300 ಕೀಗಳು (ಜೋಡಿಸಿಟ್ಟ ಸಂಖ್ಯೆಗಳು) ಆರಾಮಾಗಿ ಹಿಡಿಯುತ್ತವೆ. ಮೂರೇ ಹಂತ ಇಳಿದರೆ 300 × 300 × 300. ಅಂದರೆ 2 ಕೋಟಿ 70 ಲಕ್ಷ ಸಾಲುಗಳಲ್ಲಿ ಬೇಕಾದ ಒಂದು ಸಾಲಿನ ಜಾಗ ಸಿಕ್ಕಿಬಿಡುತ್ತದೆ! ಇಷ್ಟು ವರ್ಷ ಇದರ ಜೊತೆ ಕೆಲಸ ಮಾಡಿದರೂ ನನಗೆ ಈ ಲೆಕ್ಕ ಈಗಲೂ ಬೆರಗು.

ಆದರೆ ಕೀಗಳು ಯಾವ ಕ್ರಮದಲ್ಲಿ ಜೋಡಿಸಿವೆಯೋ ಆ ಕ್ರಮದಲ್ಲೇ ಕೇಳಬೇಕು. ಕಳೆದ ವರ್ಷ ಒಂದು ರಿಪೋರ್ಟ್ ಸರಿಪಡಿಸಲು ಕೂತಿದ್ದೆ. ಆರ್ಡರ್ ಬಂದ ಸಮಯದ ಕಾಲಂಗೆ ಇಂಡೆಕ್ಸ್ ಇತ್ತು. ಕ್ವೆರಿಯಲ್ಲಿ ಆ ಕಾಲಂಗೆ ಒಂದು ಫಂಕ್ಷನ್ ಸುತ್ತಿ, ತಾರೀಖು ಮಾತ್ರ ತೆಗೆದು, ಅದು ಮಾರ್ಚ್ 15 ಹೌದಾ ಎಂದು ಕೇಳಿದ್ದರು. ಡೇಟಾಬೇಸ್ ಯಾವ ದಾರಿ ಹಿಡಿಯುತ್ತದೆ ಎಂದು ತೋರಿಸುವ ಎಕ್ಸ್‌ಪ್ಲೇನ್ ಓಡಿಸಿದೆ. ಮೊದಲ ಸಾಲಲ್ಲೇ ಸೀಕ್ವೆನ್ಶಿಯಲ್ ಸ್ಕ್ಯಾನ್, ಅಂದರೆ ಇಡೀ ಟೇಬಲ್ ಓದುವುದು. ಇಂಡೆಕ್ಸಿನಲ್ಲಿರುವುದು ಗಂಟೆ ನಿಮಿಷ ಸಮೇತ ಪೂರ್ತಿ ಸಮಯ. ಫಂಕ್ಷನ್ ಕೊಡುವ ಉತ್ತರ ಅದರಲ್ಲಿ ಇಲ್ಲವೇ ಇಲ್ಲ. "ಮಾರ್ಚ್ 15 ಶುರುವಾದಾಗಿನಿಂದ, ಮಾರ್ಚ್ 16ಕ್ಕಿಂತ ಮುಂಚೆ" ಎಂದು ಬರೆದೆ. ಬೇರೇನೂ ಮುಟ್ಟಲಿಲ್ಲ. ಇಂಡೆಕ್ಸ್ ಸ್ಕ್ಯಾನ್ ಬಂತು.

ಎರಡು ಕಾಲಂ ಸೇರಿಸಿದ ಇಂಡೆಕ್ಸಿಗೂ ಇದೇ ಮಾತು. ಜಿಲ್ಲೆ ಮೊದಲು, ತಾಲ್ಲೂಕು ಆಮೇಲೆ ಎಂದು ಜೋಡಿಸಿ, ಬರೀ ತಾಲ್ಲೂಕು ಕೇಳಿದರೆ ಸಾಮಾನ್ಯವಾಗಿ ಅದರಿಂದ ಹೆಚ್ಚು ಉಪಯೋಗವಿಲ್ಲ.

ಇನ್ನು ಕೆಲವು ಸಲ ಇಂಡೆಕ್ಸ್ ಬಿಟ್ಟಿದ್ದೇ ಸರಿ ಇರುತ್ತದೆ. ಯಾವ ದಾರಿಗೆ ಎಷ್ಟು ಖರ್ಚು ಎಂದು ಪ್ಲ್ಯಾನರ್ (ಡೇಟಾಬೇಸಿನೊಳಗೆ ದಾರಿ ಆರಿಸುವ ಭಾಗ) ಮೊದಲೇ ಅಂದಾಜು ಹಾಕುತ್ತದೆ. ಈ ವಿಧಾನಕ್ಕೆ ಬುನಾದಿ ಹಾಕಿದ್ದು ಐಬಿಎಂನ ಪೆಟ್ರೀಷಿಯಾ ಸೆಲಿಂಗರ್ ಮತ್ತು ಜೊತೆಗಾರರ 1979ರ ಪ್ರಬಂಧ. ನಾವು ಬದಲಿಸದಿದ್ದರೆ ಪೋಸ್ಟ್‌ಗ್ರೆಸ್ ಇಟ್ಟುಕೊಳ್ಳುವ ಖರ್ಚಿನ ಲೆಕ್ಕ ನೋಡಿ: ಸಾಲಾಗಿ ಒಂದು ಪೇಜ್ ಓದಲು 1, ಅಲ್ಲೊಂದು ಇಲ್ಲೊಂದು ಹೆಕ್ಕಿ ಓದಿದರೆ 4. ಟೇಬಲ್ಲಿನ ಅರ್ಧ ಸಾಲುಗಳು ಬೇಕೆಂದರೆ ಹೆಕ್ಕುವುದಕ್ಕಿಂತ ಸುಮ್ನೆ ಎಲ್ಲ ಓದುವುದೇ ಅಗ್ಗ.

ಆ ಅಂದಾಜು ನಿಂತಿರುವುದು ಟೇಬಲ್ಲಿನ ಅಂಕಿಅಂಶದ ಮೇಲೆ. ಈಗಷ್ಟೇ ಲಕ್ಷಗಟ್ಟಲೆ ಸಾಲು ತುಂಬಿದ್ದರೆ ಅದು ಹಳೆಯದಾಗಿರಬಹುದು. ಅದಕ್ಕೇ ನನ್ನ ಹತ್ತಿರ ಬರುವ ಮುಂಚೆ, ಅಂಕಿಅಂಶ ಹೊಸದು ಮಾಡುವ ಅನಲೈಸ್ ಓಡಿಸಿ. ಆಮೇಲೆ ಕ್ವೆರಿಯನ್ನು ನಿಜವಾಗಿ ಓಡಿಸಿ ತೋರಿಸುವ ಎಕ್ಸ್‌ಪ್ಲೇನ್ ಅನಲೈಸ್ ಕೊಟ್ಟು, ಪ್ಲ್ಯಾನರ್ ಊಹಿಸಿದ ಸಾಲು ಎಷ್ಟು, ನಿಜವಾಗಿ ಸಿಕ್ಕಿದ್ದು ಎಷ್ಟು ನೋಡಿ. ಎರಡೂ ಅಲ್ಲೇ ಅಕ್ಕಪಕ್ಕ ಇರುತ್ತವೆ. 10 ಎಂದುಕೊಂಡ ಕಡೆ 4 ಲಕ್ಷ ಬಂದಿದ್ದರೆ ಎಡವಟ್ಟು ಅಲ್ಲೇ ಇದೆ.