ಫೀಲ್ಡ್‌ವರ್ಕ್ ರೆಕಾರ್ಡಿನ ಅಂಚಿನಲ್ಲಿ

ಕುಟುಂಬಗಳ ಜೊತೆ ಕೆಲಸ ಮಾಡಬೇಕೆಂದರೆ ಏನು ಓದಬೇಕು ಎಂದು ಕಿರಿಯರು ಕೇಳಿದಾಗಲೆಲ್ಲ ಪಠ್ಯಕ್ಕಿಂತ ಮೊದಲು ನನಗೆ ನೆನಪಾಗುವುದು, ಸಮಾಜಕಾರ್ಯ ವಿಭಾಗದಲ್ಲಿ ಓದುವಾಗ ಮನೆಭೇಟಿಯ ನಂತರ ನಾವು ಬರೆದಿಡುತ್ತಿದ್ದ ಫೀಲ್ಡ್‌ವರ್ಕ್ ರೆಕಾರ್ಡಿನ ಅಂಚು. ಅಲ್ಲಿ ನಮ್ಮ ಮೇಡಂ ಬರೆಯುತ್ತಿದ್ದ ಪ್ರಶ್ನೆಗಳು ಹೆಚ್ಚಾಗಿ ಒಂದೇ ಬಗೆಯವು: ‘ಇದನ್ನು ಅವರು ಹೇಳಿದರೋ, ನಿನಗೆ ಹಾಗನ್ನಿಸಿತೋ?’

‘ತಂದೆಗೆ ಮಕ್ಕಳ ಮೇಲೆ ಅಕ್ಕರೆಯಿಲ್ಲ’ ಎಂದು ಯಾರಾದರೂ ಬರೆದರೆ ಅವರು ಒಪ್ಪುತ್ತಿರಲಿಲ್ಲ. ಮಾತಾಡುವಾಗ ತಂದೆ ಎಲ್ಲಿ ಕೂತಿದ್ದರು, ಮಗು ಹತ್ತಿರ ಬಂದಾಗ ಏನು ಮಾಡಿದರು, ಯಾವ ಪ್ರಶ್ನೆಗೆ ಸುಮ್ಮನಾದರು, ಅಷ್ಟನ್ನು ಬರೆ. ನಿನ್ನ ಅನಿಸಿಕೆ ಬೇರೆ ಕಾಲಮ್ಮಿನಲ್ಲಿರಲಿ ಎನ್ನುತ್ತಿದ್ದರು. ಆ ಶಿಸ್ತಿನ ಬೆಲೆ ಕೆಲಸಕ್ಕೆ ಸೇರಿದ ಮೇಲೆ ತಿಳಿಯಿತು. ಮಗು ಮನೆಯಲ್ಲೇ ಇರಬೇಕೋ ಬೇಡವೋ ಎಂದು ನಿರ್ಧರಿಸುವವರು ಎಷ್ಟೋ ಸಲ ಆ ಮನೆಯ ಹೊಸಿಲು ತುಳಿದವರಲ್ಲ. ಅವರ ಮುಂದೆ ಇರುವುದು ನಾವು ಬರೆದುಕೊಟ್ಟ ವರದಿ.

ತರಗತಿಯ ಪಾಠ ಬೇಡವೆಂದಲ್ಲ. ಮಕ್ಕಳ ಬೆಳವಣಿಗೆ, ಕುಟುಂಬ ಮತ್ತು ಮಕ್ಕಳ ಕಾನೂನು, ಆಪ್ತಸಮಾಲೋಚನೆ ಎಲ್ಲವೂ ಬೇಕು. ಕುಟುಂಬದ ಸ್ಥಿತಿಗತಿಯನ್ನು ಸಾಕ್ಷ್ಯಗಳ ಮೂಲಕ ಅರಿಯುವ ಕ್ರಮವನ್ನು ಅಮೆರಿಕದ ಸಮಾಜಕಾರ್ಯಕರ್ತೆ ಮೇರಿ ರಿಚ್ಮಂಡ್ 1917ರಲ್ಲೇ ಗ್ರಂಥರೂಪಕ್ಕೆ ತಂದಿದ್ದರು. ಮೇಡಂ ಕೇಳುತ್ತಿದ್ದ ಪ್ರಶ್ನೆಯ ಬೇರು ಅಲ್ಲಿದೆ. ನೆರವು ಕೋರಿ ಬಂದವರೊಡನೆ ಹೇಗೆ ನಡೆದುಕೊಳ್ಳಬೇಕೆಂದು ಸಮಾಜಕಾರ್ಯದ ಅಧ್ಯಾಪಕ ಫೆಲಿಕ್ಸ್ ಬೈಸ್ಟೆಕ್ 1957ರಲ್ಲಿ ವಿವರಿಸಿದ ಏಳು ತತ್ವಗಳನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆವು. ಅವುಗಳಲ್ಲಿ ಗೋಪ್ಯತೆ ನನ್ನಲ್ಲಿ ನೆಲೆಯೂರಿದ್ದು ಒಂದು ರೋಲ್‌ಪ್ಲೇಯಿಂದ. ಮಗುವಿನ ಪಾತ್ರದಲ್ಲಿದ್ದ ಗೆಳತಿ ‘ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ’ ಎಂದಳು. ಇಡೀ ತರಗತಿ ಮೌನ. ಹಾಗೆ ಮಾತು ಕೊಡಬಾರದು, ಮಗುವಿಗೆ ಅಪಾಯವಿದ್ದರೆ ಅದನ್ನು ತಡೆಯಬಲ್ಲವರಿಗೆ ಹೇಳಲೇಬೇಕು, ಆದರೆ ಯಾರಿಗೆ, ಏಕೆ ಹೇಳುತ್ತೇವೆಂದು ಮಗುವಿಗೆ ಮೊದಲೇ ತಿಳಿಸಬೇಕು ಎಂದು ಮೇಡಂ ಬಿಡಿಸಿ ಹೇಳಿದರು. ಈಗಲೂ ಮಕ್ಕಳ ಮುಂದೆ ಕೂತಾಗ ಇದನ್ನೇ ಮೊದಲು ಹೇಳುತ್ತೇನೆ.

ಕುಟುಂಬದ ನಂಟುಗಳನ್ನು ಗೆರೆಗಳಲ್ಲಿ ತೋರಿಸುವ ಇಕೋಮ್ಯಾಪ್ ಕೂಡ ಇಲ್ಲೇ ಕಲಿತದ್ದು. ಗಟ್ಟಿ ನಂಟಿಗೆ ದಪ್ಪ ಗೆರೆ, ಜಗಳವಿದ್ದಲ್ಲಿ ಅಂಕುಡೊಂಕು. ಹಾಳೆಯನ್ನು ಮನೆಯವರ ಕೈಗೇ ಕೊಟ್ಟರೆ ಹೆಚ್ಚು ತಿಳಿಯುತ್ತದೆ.

ವಿಭಾಗಕ್ಕೆ ನನ್ನದೊಂದು ವಿನಂತಿಯಿದೆ. ವೇಳಾಪಟ್ಟಿ ಎಷ್ಟೇ ಬಿಗಿಯಾದರೂ ವಿದ್ಯಾರ್ಥಿಯೊಬ್ಬರೇ ಅಧ್ಯಾಪಕರೆದುರು ಕೂತು ರೆಕಾರ್ಡ್ ಚರ್ಚಿಸುವ ವಾರದ ಆ ಹೊತ್ತನ್ನು ಕಡಿತಗೊಳಿಸಬೇಡಿ. ಕಿರಿಯರಿಗೂ ಒಂದು ಮಾತು: ಕೆಲಸದ ಸಂದರ್ಶನಕ್ಕೆ ಹೋದಾಗ ಸಂಬಳದ ಜೊತೆಗೆ, ನಿಮ್ಮ ಕೇಸುಗಳನ್ನು ಹೀಗೆ ಕೂತು ಚರ್ಚಿಸುವ ಹಿರಿಯರು ಅಲ್ಲಿದ್ದಾರೆಯೇ ಎಂದೂ ಕೇಳಿ.