ಬೆಳಕನ್ನು ಬೆಳಕಾಗಿಯೇ ತಿರುಗಿಸಬಾರದೇ?

ನಾನು ಫೈಬರ್ ಜಾಲದ ಕೆಲಸದಲ್ಲಿರುವವನೆಂದು ತಿಳಿದವರು ತಪ್ಪದೆ ಕೇಳುವ ಪ್ರಶ್ನೆಯಿದು: "ಎಳೆಯೊಳಗೆ ಓಡುವುದು ಬೆಳಕು. ಆದರೂ ರೂಟರ್ ಸಿಕ್ಕಲ್ಲೆಲ್ಲ ಅದನ್ನು ವಿದ್ಯುತ್ತಾಗಿಸಿ, ಮತ್ತೆ ಬೆಳಕು ಮಾಡಿ ಕಳಿಸುತ್ತೀರಂತೆ. ನೇರವಾಗಿ ತಿರುಗಿಸಿದರೆ ಆಗದೇ?"

ಆಗುತ್ತದೆ. ಎಷ್ಟೋ ಕಡೆ ಆಗುತ್ತಲೂ ಇದೆ. ಗೂಗಲ್ ತನ್ನ ಡೇಟಾ ಸೆಂಟರ್‌ಗಳಲ್ಲಿ ಪುಟ್ಟ ಕನ್ನಡಿಗಳನ್ನು ವಾಲಿಸಿ ಬೆಳಕನ್ನು ಒಂದು ಫೈಬರ್‌ನಿಂದ ಇನ್ನೊಂದಕ್ಕೆ ಹಾಯಿಸುತ್ತದೆ. ಆದರೆ ಕನ್ನಡಿ ಹೊರಳಲು ಮಿಲಿಸೆಕೆಂಡುಗಳು ಬೇಕು. ಜಾಲದಲ್ಲಿ ಮಾಹಿತಿ ಸಾಗುವುದು ಪ್ಯಾಕೆಟ್ ಎಂಬ ಸಣ್ಣ ತುಂಡುಗಳಾಗಿ. ಸೆಕೆಂಡಿಗೆ 100 ಗಿಗಾಬಿಟ್ ವೇಗದಲ್ಲಿ 1500 ಬೈಟ್‌ಗಳ ಪ್ಯಾಕೆಟ್ಟೊಂದು ದಾಟಿಹೋಗಲು 120 ನ್ಯಾನೋಸೆಕೆಂಡ್ ಸಾಕು. ಕನ್ನಡಿ ಒಮ್ಮೆ ತಿರುಗುವಷ್ಟರಲ್ಲಿ ಸಾವಿರಾರು ಪ್ಯಾಕೆಟ್‌ಗಳು ಬಂದಿರುತ್ತವೆ.

ವೇಗದ ಸ್ವಿಚ್‌ಗಳಿಗೂ ಬರವಿಲ್ಲ. ಲಿಥಿಯಂ ನಿಯೋಬೇಟ್ ಹರಳಿಗೆ ವೋಲ್ಟೇಜ್ ಕೊಟ್ಟರೆ ಅದರ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕು ಅದರೊಳಗೆ ಎಷ್ಟು ನಿಧಾನವಾಗುತ್ತದೆಂಬ ಅಳತೆ, ತಟ್ಟನೆ ಬದಲಾಗುತ್ತದೆ. ಬೆಳಕನ್ನು ಎರಡು ಕವಲಾಗಿ ಒಡೆದು, ಒಂದರ ಅಲೆಯನ್ನು ಹೀಗೆ ತುಸು ಹಿಂದುಮುಂದು ಮಾಡಿ ಮತ್ತೆ ಕೂಡಿಸಿದರೆ ಅದು ಬೇರೆ ಬಾಗಿಲಿನಿಂದ ಹೊರಬರುತ್ತದೆ. ನ್ಯಾನೋಸೆಕೆಂಡ್ ಕಳೆಯುವುದರೊಳಗೆ ಕೆಲಸ ಮುಗಿದಿರುತ್ತದೆ!

ತೊಡಕಿರುವುದು ಕಾಯಿಸುವುದರಲ್ಲಿ. ಎರಡು ಪ್ಯಾಕೆಟ್‌ಗಳು ಒಂದೇ ಕ್ಷಣದಲ್ಲಿ ಒಂದೇ ಬಾಗಿಲಿಗೆ ಬಂದರೆ ಒಂದು ನಿಲ್ಲಲೇಬೇಕು. ರೈಲಾಗಿದ್ದರೆ ಲೂಪ್ ಲೈನಿನಲ್ಲಿ ನಿಲ್ಲಿಸಬಹುದಿತ್ತು. ವಿದ್ಯುತ್ ಸಂಕೇತವಾದರೆ ಮೆಮೊರಿಯಿದೆ. ಬೆಳಕಿಗೆ ಅಂಥ ತಂಗುದಾಣವಿಲ್ಲ, ಉದ್ದನೆಯ ಫೈಬರ್ ಸುರುಳಿಯಲ್ಲಿ ಸುತ್ತು ಹಾಕಿಸಬೇಕಷ್ಟೆ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಒಂದೇ ಒಂದು ಮಿಲಿಸೆಕೆಂಡ್ ಕಾಯಿಸಲು 200 ಕಿ.ಮೀ. ಫೈಬರ್ ಬೇಕು. ಸಾಲದ್ದಕ್ಕೆ, ಪ್ಯಾಕೆಟ್ಟಿನ ವಿಳಾಸ ಓದುವ ಕೆಲಸಕ್ಕೂ ಇಂದಿಗೂ ಎಲೆಕ್ಟ್ರಾನಿಕ್ಸೇ ಗತಿ.

2020ರಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ಪ್ರಕಟಿಸಿದ 'ಸಿರಿಯಸ್' ಜಾಲ ಈ ತೊಡಕನ್ನು ಜಾಣತನದಿಂದ ತಪ್ಪಿಸಿತು. ನಡುವೆ ಇರುವುದು ಅಲುಗಾಡದ ಗ್ರೇಟಿಂಗ್, ಅಂದರೆ ತರಂಗಾಂತರಕ್ಕೆ ತಕ್ಕ ದಿಕ್ಕಿಗೆ ಬೆಳಕನ್ನು ಕಳಿಸುವ ಸಾಧನ. ಲೇಸರ್ ತರಂಗಾಂತರ ಬದಲಿಸಿದಂತೆ ಬೆಳಕಿನ ದಾರಿ ತಾನಾಗಿಯೇ ಬದಲಾಗುತ್ತದೆ. ಅವರ ಮಾದರಿಯಲ್ಲಿ ಈ ಬದಲಾವಣೆಗೆ ಹಿಡಿದದ್ದು 3.84 ನ್ಯಾನೋಸೆಕೆಂಡ್. ಯಾರ ಸರದಿ ಯಾವಾಗ ಎಂಬುದು ಮೊದಲೇ ಗೊತ್ತಿರುವುದರಿಂದ ಡಿಕ್ಕಿಯ ಮಾತೇ ಇಲ್ಲ. ಕಾಯುವುದೇನಿದ್ದರೂ ಬೆಳಕಾಗುವ ಮುನ್ನ, ಹೊರಡುವ ಕಡೆಯ ಮೆಮೊರಿಯಲ್ಲಿ.

ಇದು ಒಬ್ಬನೇ ಯಜಮಾನನಿರುವ ಡೇಟಾ ಸೆಂಟರ್‌ನಲ್ಲಿ ನಡೆದೀತು. ಹೇಳದೆ ಕೇಳದೆ ಪ್ಯಾಕೆಟ್‌ಗಳು ಬಂದು ಬೀಳುವ ಸಾರ್ವಜನಿಕ ಇಂಟರ್‌ನೆಟ್‌ನಲ್ಲಿ ಅಂಥ ವೇಳಾಪಟ್ಟಿಯನ್ನು ಯಾರು ಹಾಕುತ್ತಾರೆ? ಅಲ್ಲಿ ರೂಟರ್‌ನ ಮೆಮೊರಿಗೆ ಸದ್ಯಕ್ಕೆ ನಿವೃತ್ತಿ ಇಲ್ಲವೆಂದೇ ನನ್ನ ಅಂದಾಜು.